ನೆತ್ತಿ ಊದುವ ಅಜ್ಜಿ, ಬಸ್ಸಿಳಿದ ಸಿಸ್ಟರ್

ನಮ್ಮ ಶೆಟಗೇರಿಯ ಮಂದಾಕಿನಿ ಸಿಸ್ಟರ್ ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನಂತೂ ಕಂಡಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ತುದಿಯಲ್ಲಿ ಕೂತು ಬ್ಯಾಗಿನ ಜಿಪ್ಪು ಎಳೆಯುವುದು, ಬಿಡುವುದು. ಮನೆಗೆ ಬಂದರೆ ಚಾ ನಿಂತೇ ಕುಡಿಯುವುದು.

"ನಮ್ಮನೆ ಕುರ್ಚಿಲಿ ಮುಳ್ಳದ್ಯನೇ?" ಅಂತ ನಮ್ಮಮ್ಮ ಕೇಳುತ್ತಾಳೆ.

"ಕೂತ್ರೆ ನಿದ್ದೆ ಬತ್ತದೆ ಅಕ್ಕಾ."

ಸುಳ್ಳು. ಅವರಿಗೆ ನಿದ್ದೆ ಬರುವುದೇ ಕಷ್ಟ.

ಅವರ ಕೆಲಸ ಕಾರವಾರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಕೋಣೆಯಲ್ಲಿ. ಚೀಪು, ನುಂಗು, ಉಸಿರಾಡು, ಈ ಮೂರನ್ನು ಸಾಲಾಗಿ ಮಾಡುವುದು ಇಂಥ ಮಕ್ಕಳಿಗೆ ಬರುವುದಿಲ್ಲ. ತಪ್ಪಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ನಾವಾದರೆ ಕೆಮ್ಮುತ್ತೇವೆ. ಇವುಗಳಲ್ಲಿ ಕೆಲವು ಕೆಮ್ಮುವುದೂ ಇಲ್ಲ, ಸದ್ದಿಲ್ಲದೆ ನೀಲಿಯಾಗುತ್ತವೆ. ಹಾಗಾಗಿ ಮೂಗಿಗೆ ಹಾಕಿದ ಹಾಲಿನ ನಳಿಗೆ ತೆಗೆಯುವ ಮೊದಲು ಸಿಸ್ಟರ್ ಪರೀಕ್ಷೆ ಮಾಡುತ್ತಾರೆ. ಮೂತಿಯಿರುವ ಪುಟ್ಟ ಒಳಲೆಯಿಂದ ತುಟಿಗೆ ಹನಿ ಹಾಲು, ಮಗುವಿನ ಕುತ್ತಿಗೆಗೆ ಒತ್ತಿದ ಚಿಕ್ಕ ಸ್ಟೆತಾಸ್ಕೋಪು. 'ಟಕ್' ಅಂತ ನುಂಗಿದ ಸದ್ದು, ಹಿಂದೆಯೇ ಗೊರಗುಟ್ಟದ ಒಂದು ಒಣ ಉಸಿರು. ಹತ್ತು ಸಲ ಕೇಳಿದರೆ ಪಾಸು.

2006ರ ಆಗಸ್ಟಿನಲ್ಲಿ ಹಿಲ್ಲೂರಿನ ಜಾನಕಿಯ ಗಂಡು ಮಗು ಹೀಗೇ ಪಾಸಾಯಿತು. ಒಂದೂವರೆ ತಿಂಗಳು ಮೊದಲೇ ಹುಟ್ಟಿ ಹನ್ನೊಂದು ದಿನ ಆಗಿತ್ತು. ಹತ್ತಕ್ಕೆ ಹತ್ತು. ರೂಪಾಲಿ ಡಾಕ್ಟ್ರು ಬಿಡುಗಡೆ ಕಾಗದಕ್ಕೆ ಸಹಿ ಹಾಕಿದರು. ಮರುದಿನವೇ ಹೆಸರಿಡುವ ಹನ್ನೆರಡನೇ ದಿನ. ಜಾನಕಿಯ ಗಂಡ ನಾಗ ಗಾಡಿ ತರಲು ಓಡಿದ. ಜಾನಕಿಯ ಅವ್ವ ಸುಕ್ರಿ ಬಟ್ಟೆ ಗಂಟು ಕಟ್ಟತೊಡಗಿದಳು.

ಸಿಸ್ಟರ್ ಡ್ಯೂಟಿ ಮುಗಿಸಿ ನಾಲ್ಕರ ಅಂಕೋಲೆ ಬಸ್ಸು ಹತ್ತಿದರು. ಆದರೆ ಮನಸ್ಸಿಗೆ ಏನೋ ಚುಚ್ಚುತ್ತಿತ್ತು. ಜಿಪ್ಪು ಎಳೆದರು, ಬಿಟ್ಟರು. ಒಂದೊಂದೇ ನುಂಗನ್ನು ಮತ್ತೆ ನೆನಪಿನಲ್ಲಿ ಕೇಳಿದರು. ಹನಿ, ಟಕ್, ಉಸಿರು. ಇಲ್ಲ, ನಡುವೆ ಇನ್ನೊಂದು ಸದ್ದಿತ್ತು. ಹನಿ, 'ಫೂ', ಟಕ್, ಉಸಿರು.

ಆ 'ಫೂ' ಪಕ್ಕದಲ್ಲೇ ಕೂತಿದ್ದ ಸುಕ್ರಿಯದು.

ಹಾಲು ನೆತ್ತಿಗೆ ಹತ್ತಬಾರದೆಂದು ಮಗುವಿನ ನೆತ್ತಿಗೆ ಊದದ ಅಜ್ಜಿ ನಮ್ಮ ಕಡೆ ಯಾರಿದ್ದಾರೆ ಹೇಳಿ. ಸಿಸ್ಟರ್ ಅವರ ಅವ್ವನೂ ಊದಿದವಳೇ. ಅದಕ್ಕೇ ಕಣ್ಣೆದುರಿದ್ದರೂ ಕಂಡಿರಲಿಲ್ಲ. ಸುಕ್ರಿ ಹನಿ ಬಿದ್ದ ಕೂಡಲೇ ಊದುತ್ತಿದ್ದಳು. ಗಾಳಿ ನೆತ್ತಿಯಿಂದ ಜಾರಿ ಮುಖಕ್ಕೆ ಬಡಿಯುತ್ತಿತ್ತು. ಮುಖಕ್ಕೆ ಗಾಳಿ ಬಡಿದರೆ ಕೂಸು ಬೆಚ್ಚಿ ತಾನಾಗಿ ನುಂಗುತ್ತದೆ. ಹಾಗಿದ್ದರೆ ಹತ್ತು ಸಲ ನುಂಗಿಸಿದ್ದು ಯಾರು, ಮಗುವೋ, ಅಜ್ಜಿಯೋ?

ಹಿಲ್ಲೂರು ಕಾಡಿನೊಳಗಿನ ಊರು. ಅಲ್ಲಿ ಅಜ್ಜಿ ಗದ್ದೆಗೆ ಹೋದ ಹೊತ್ತಲ್ಲಿ ಮಗು ನೀಲಿಯಾದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ.

ಬಿಣಗಾದಲ್ಲಿ ಬಸ್ಸು ನಿಂತದ್ದೇ ಸಿಸ್ಟರ್ ಇಳಿದರು. ಕಂಡಕ್ಟರ್ "ಇದು ಬಿಣಗಾ ಅಕ್ಕಾ, ಅಂಕೋಲೆ ಅಲ್ಲ" ಅಂದ. "ಕಣ್ಣದೆ ಮಾರಾಯಾ" ಅಂದು ರಿಕ್ಷಾಕ್ಕೆ ಕೈ ಅಡ್ಡ ಹಿಡಿದರು.

ಆಸ್ಪತ್ರೆ ಗೇಟಿನಲ್ಲಿ ಜಾನಕಿ ಒಂದು ಕಾಲು ಗಾಡಿಯೊಳಗೆ ಇಟ್ಟಾಗಿತ್ತು.

"ಇಳಿ ತಂಗಿ. ಇನ್ನೊಂದ್ ಸಲ ನೋಡ್ವಾ."

ನಾಗನ ಮುಖ ಸಣ್ಣದಾಯಿತು. "ಗಾಡಿಯವ ಹೋಗ್ವಾ ಹೋಗ್ವಾ ಅಂತೇ ಅವ್ನೆ ಸಿಸ್ಟರ್. ನೀವೇ ಪಾಸ್ ಅಂದ್ರಿ ಅಲ್ದಾ?"

"ಅಂದೆ. ನಂದೇ ತಪ್ಪು. ಐದು ಮಿನಿಟು."

ಒಳಗೆ ರೂಪಾಲಿ ಡಾಕ್ಟ್ರನ್ನು ಕರೆದರು, ಕಫ ಎಳೆಯುವ ಯಂತ್ರ ಹತ್ತಿರ ಇಟ್ಟುಕೊಂಡರು. ಸುಕ್ರಿಗೆ ಹೇಳಿದರು, "ಅಮಾ, ಈ ಸಲ ಊದೂದು ಬ್ಯಾಡ."

"ನೆತ್ತಿಗೆ ಹತ್ರೆ ಯಾರು ನೋಡೂದು? ನೀನಾ?"

"ನಾನೇ. ಅದಕ್ಕೇ ಬಸ್ ಬಿಟ್ಟು ಬಂದೆ."

ಒಂದು ಹನಿ. ಸುಕ್ರಿ "ಫೂ" ಅಂದಳು. ಟಕ್.

"ಅಮಾ."

"ಎಂತಾ ಮಾಡ್ಲೇ? ಬಾಯಿ ತಾನಾಗೇ ಊದ್ತದೆ. ಆರು ಮಕ್ಕಳ ಸಾಕಿದ ಬಾಯಿ ಇದು."

ಸಿಸ್ಟರ್ ಅತ್ತಿತ್ತ ನೋಡಿ ಒಂದು ಲೋಟ ನೀರು ತಂದರು. "ಬಾಯಿ ತುಂಬಾ ನೀರ್ ತಕಾ. ನುಂಗೂಕಿಲ್ಲ, ಉಗಳೂಕಿಲ್ಲ."

ಸುಕ್ರಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಕೆನ್ನೆ ಉಬ್ಬಿಸಿ ಕೂತಳು.

ಒಂದು ಹನಿ. ಸ್ಟೆತಾಸ್ಕೋಪಿನಲ್ಲಿ ಟಕ್ ಇಲ್ಲ. ಒದ್ದೆ ಉಸಿರು ಬಂತು, ಗೊರ್ ಗೊರ್. ಕೆಮ್ಮಿಲ್ಲ, ಅಳುವಿಲ್ಲ. ನೋಡಿದರೆ ಪಾಪದ ಮಗು ಶಾಂತವಾಗಿ ಹಾಲು ಕುಡಿಯುತ್ತಿದೆ ಅನ್ನಬೇಕು. ತುಟಿಯಂಚು ಮಾತ್ರ ನೇರಳೆಗೆ ತಿರುಗುತ್ತಿತ್ತು. ಸಿಸ್ಟರ್ ಮಗುವನ್ನು ಮಗ್ಗುಲಿಗೆ ತಿರುಗಿಸಿ ಹಾಲು ಎಳೆದು ತೆಗೆದರು. ಡಾಕ್ಟ್ರು ಬಿಡುಗಡೆ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು.

ಮಗುವಿನ ತುಟಿ ಮತ್ತೆ ಕೆಂಪಾಯಿತು. ಆಮೇಲೆ ಸುಕ್ರಿ ಹೊರಗೆ ಹೋಗಿ ನೀರು ಉಗಿದು ಬಂದಳು.

"ಹಂಗಾರೆ ನಾ ಊದ್ದದ್ದು ಖರೇ ಅಲ್ದಾ?"

"ಖರೇ ಅಮಾ. ನೀನೇ ಕುಡಿಸ್ದವ್ಳು. ಆದ್ರೆ ಅವ ಕಲೀಬೇಕಲೇ."

ಹನ್ನೆರಡನೇ ದಿನ ಮತ್ತೆ ಹಾಕಿದ ಮೂಗಿನ ನಳಿಗೆಯೊಂದಿಗೇ ಕಳೆಯಿತು. ಹೆಸರಿಡುವುದು ಮುಂದಕ್ಕೆ ಹೋಯಿತು, ಗಾಡಿ ಖಾಲಿ ವಾಪಸಾಯಿತು. ನಾಗ ಎರಡು ದಿನ ಸಿಸ್ಟರ್ ಹತ್ತಿರ ಮಾತಾಡಲಿಲ್ಲ. ಸಿಸ್ಟರ್ ಅವರ ಚಡಪಡಿಕೆ ಆ ದಿನಗಳಲ್ಲಿ ಮತ್ತೂ ಹೆಚ್ಚಿತು. ಹಿಂದೆ ಪಾಸು ಮಾಡಿ ಕಳಿಸಿದ ಮಕ್ಕಳ ಪಟ್ಟಿ ತೆಗೆದು ಒಬ್ಬೊಬ್ಬರ ಮನೆಗೂ ಫೋನು. "ಪರೀಕ್ಷೆ ಹೊತ್ತಲ್ಲಿ ಅಜ್ಜಿ ಊದ್ತಾ ಇದ್ರಾ?" ಅಂತ ಕೇಳುವುದು. ಹೌದು ಅಂದವರನ್ನೆಲ್ಲ ಮತ್ತೆ ಕರೆಸಿದರು. ಅಷ್ಟೂ ಮಕ್ಕಳು ತಾವಾಗಿಯೇ ನುಂಗುತ್ತಿದ್ದವು. ಆದರೂ ಸಿಸ್ಟರ್ ಜಿಪ್ಪು ಎಳೆಯುವುದು ನಿಲ್ಲಲಿಲ್ಲ.

ಇತ್ತ ದಿನಾ ಹಾಲಿನ ಹೊತ್ತಿಗೆ ಮಗುವಿಗೆ ಬೆರಳು ಚೀಪಿಸಿ ಅಭ್ಯಾಸ ಮಾಡಿಸುತ್ತಿದ್ದರು. ಇಪ್ಪತ್ನಾಲ್ಕನೇ ದಿನ ಮತ್ತೆ ಪರೀಕ್ಷೆ. ಸುಕ್ರಿ ಯಾರೂ ಹೇಳದೆ ತಾನೇ ಲೋಟ ತಂದು ನೀರು ತುಂಬಿಕೊಂಡಳು.

ಹನಿ. ಸಿಸ್ಟರ್ ಕಣ್ಣು ಮುಚ್ಚಿ ಕೇಳಿದರು. ಟಕ್. ಒಣ ಉಸಿರು.

ಸುಕ್ರಿ ಸಿಸ್ಟರ್ ಮುಖ ನೋಡಿದವಳು ಬಾಯಲ್ಲಿದ್ದ ನೀರನ್ನೆಲ್ಲ ತಾನೂ ಗಟಕ್ಕನೆ ನುಂಗಿಬಿಟ್ಟಳು.

"ಹೋಗ್ವನೇ?" ಅಂದಳು.

"ಇನ್ನೂ ಒಂಬತ್ತದೆ" ಅಂದರು ಸಿಸ್ಟರ್, ಅವಳ ಲೋಟ ಮತ್ತೆ ತುಂಬಿಸುತ್ತಾ. ಹೊರಗೆ ನಾಲ್ಕರ ಬಸ್ಸು ಹೋಗಿಯಾಗಿತ್ತು.