ಮಾವನ ಐಮರಕ್ಕೆ ಬಿದ್ದ ಬಿಸಿಲು

ಹಳೆಯ ಬಾಗಿಲು, ಕಿಟಕಿ, ಮಂಚ ಕೊಂಡು ಮಾರುವುದು ನನ್ನ ಕಸುಬು, ವಿರಾಜಪೇಟೆಯಲ್ಲಿ ಅಂಗಡಿ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಮರದ ಮೇಲೆ ಬೀಳುತ್ತದೆ, ಆಮೇಲೆ ಮನುಷ್ಯರ ಮೇಲೆ. ಹಾಗಾಗಿ ನಾಪೋಕ್ಲು ಬಳಿಯ ಹೆಂಡತಿಯ ತವರಿನಿಂದ ಭಾವಮೈದ ಫೋನ್ ಮಾಡಿ, ಐಮರ ಕೀಳಿಸುತ್ತಿದ್ದೇನೆ, ಪಿಕಪ್ ತನ್ನಿ ಎಂದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ.

ಐಮರವೆಂದರೆ ಜಗಲಿಯ ಕಂಬಗಳ ನಡುವೆ ಕೂರಿಸಿದ ಅಗಲವಾದ ಹಲಗೆ, ಹಿರಿಯರು ಕೂರುವ ಜಾಗ. ಇದು ಒಂದೇ ಹಲಸಿನ ಮರದ್ದು. ಮಾವನ ಕಾಫಿ, ಪೇಪರು, ದಾರಿಹೋಕರ ಜತೆ ಹರಟೆ ಎಲ್ಲ ಅದರ ಮೇಲೆಯೇ. ಕುಶಾಲನಗರ ಕಡೆಯ ನನಗೆ ಇದೆಲ್ಲ ಏನು ಗೊತ್ತು? ಹೆಣ್ಣು ನೋಡಲು ಹೋದವನು ನೇರ ಹೋಗಿ ಅಲ್ಲೇ ಕೂತಿದ್ದೆ. ಮಾವ ಏಳು ಎನ್ನದೆ ಎದುರಿಗೆ ನಿಂತುಕೊಂಡೇ ಮಾತಾಡಿಸಿದ್ದರು. ಆಮೇಲೆ ಗೊತ್ತಾಗಿ, ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂರುತ್ತಾ ಬಂದೆ.

ಈಗ ಹೋಗಿ ನೋಡಿದರೆ ಹಲಗೆ ಬೂದಿಯ ಬಣ್ಣಕ್ಕೆ ತಿರುಗಿದೆ. ಅಂಗಳಕ್ಕೆ ನೆರಳಾಗಿದ್ದ ಸಿಲ್ವರ್ ಓಕ್ ಮರ ಕಡಿಸಿದ ಮೇಲೆ ಬಿಸಿಲೆಲ್ಲ ಅದಕ್ಕೇ. ವಾರ್ನಿಷ್ ಹಪ್ಪಳದಂತೆ ಎದ್ದಿದೆ, ಸಿಬಿರು ಪಂಚೆಗೆ ಸಿಕ್ಕುತ್ತದೆ. ಮಾವ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು.

"ಮರದಲ್ಲಿ ಜೀವ ಇಲ್ಲೆ ಭಾವ," ಎಂದ ಭಾವಮೈದ. ವರ್ಷವೂ ಹುತ್ತರಿ ಹಬ್ಬಕ್ಕೆ ಪಳಪಳ ವಾರ್ನಿಷ್ ಹೊಡೆಸುತ್ತಾನಂತೆ, ಆದರೂ ಸಿಪ್ಪೆ ಏಳುತ್ತದಂತೆ. ಗ್ರಾನೈಟ್ ಹಾಕಲು ಗಾರೆಯವನಿಗೆ ಹೇಳಿಯಾಗಿತ್ತು.

"ನಂಗೆ ಕುರ್ಚಿ ಸಾಕು," ಎಂದರು ಮಾವ, ನನ್ನ ಮುಖ ನೋಡದೆ.

ಸ್ಕ್ರೂಡ್ರೈವರ್ ತೆಗೆದು ಹಲಗೆಗೆ ಒತ್ತಿದೆ. ಇಳಿಯಲಿಲ್ಲ. ಚಾಕುವಿನಿಂದ ಉಗುರಿನಷ್ಟು ದಪ್ಪ ಕೆರೆದೆ. ಒಳಗೆ ಜೇನಿನ ಬಣ್ಣದ ಹಲಸು, ನಿನ್ನೆ ಕೊಯ್ದ ಹಾಗೆ.

ಅರಣ್ಯ ಕಾಲೇಜಿನಲ್ಲಿ ಮರದ ಪಾಠ ಹೇಳುವ ಮೇಷ್ಟ್ರೊಬ್ಬರು ನನ್ನ ಗಿರಾಕಿ. ಕಿಟಕಿಯ ಚೌಕಾಸಿಯ ನಡುವೆ ಅವರು ಹೇಳಿದ್ದು ಆಗ ಕೆಲಸಕ್ಕೆ ಬಂತು. ಮರದ ನಾರುಗಳನ್ನು ಹಿಡಿದಿಟ್ಟಿರುವ ಅಂಟಿಗೆ ಲಿಗ್ನಿನ್ ಎನ್ನುತ್ತಾರೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಇದೆಯಲ್ಲ, ಅದು ಆ ಅಂಟನ್ನು ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದೊಯ್ಯುತ್ತದೆ. ಉಳಿಯುವುದು ಬರೀ ಬೂದು ನಾರು. ಆದರೆ ಆ ಕಿರಣ ಆಳಕ್ಕೆ ಇಳಿಯುವುದಿಲ್ಲ, ಅದರ ಆಟವೆಲ್ಲ ಮೇಲಿನ ತೆಳು ಪದರದಲ್ಲೇ. ಪಾರದರ್ಶಕ ವಾರ್ನಿಷ್ ಗಾಜಿದ್ದ ಹಾಗೆ, ಬೆಳಕನ್ನು ಒಳಗೆ ಬಿಡುತ್ತದೆ. ಕೆಳಗಿನ ಅಂಟೇ ಸಡಿಲವಾದರೆ ಮೇಲಿನ ವಾರ್ನಿಷ್ ಯಾವುದನ್ನು ಹಿಡಿದು ನಿಲ್ಲಬೇಕು?

ನೀವೂ ನೆನಪಿಟ್ಟುಕೊಳ್ಳಿ: ಬೂದು ಮರ ಕಂಡ ಕೂಡಲೇ ಗುಜರಿಗೆ ಹಾಕಬೇಡಿ, ಚೂಪಾದ್ದೇನಾದರೂ ಒತ್ತಿ ನೋಡಿ. ಮೆತ್ತಗೆ ಇಳಿದರೆ ಕೊಳೆತಿದೆ, ಇಳಿಯದಿದ್ದರೆ ಬರೀ ಬಿಸಿಲು ತಿಂದಿದೆ. ಬಿಸಿಲಿಗೆ ಬಣ್ಣವೇ ಕೊಡೆ. ಅಗಸೆ ಎಣ್ಣೆಗೆ ಕೆಂಪು ಕಾವಿ ಕಲಸಿ ಬಳಿಯಿರಿ.

ಭಾವಮೈದನಿಗೆ ಇಷ್ಟೆಲ್ಲ ಹೇಳಿದರೂ ಅವನು ಅರ್ಧವೇ ನಂಬಿದ. ಹಾಗಾದರೆ ನೀವು ಎಷ್ಟಕ್ಕೆ ತಗೊಳ್ತೀರಿ ಎಂದು ಕೇಳಿದ. ಒಳ್ಳೆಯ ಬೆಲೆಯನ್ನೇ ಹೇಳಿದೆ. ಮೊದಲ ಮಾತಿಗೇ ಒಳ್ಳೆಯ ಬೆಲೆ ಹೇಳುವವನು ನಾನಲ್ಲ, ಅದು ಅವನಿಗೂ ಗೊತ್ತು. ನಾನೇ ಇಷ್ಟು ಕೊಡುವುದಾದರೆ ಮರ ಗಟ್ಟಿಯೇ ಇರಬೇಕು ಎಂದುಕೊಂಡನೇನೋ, ಒಳಗೆ ಹೋಗಿ ಗಾರೆಯವನಿಗೆ ಬೇಡವೆಂದು ಫೋನ್ ಮಾಡಿದ. ನನಗೆ ಅದೇ ಬೇಕಿತ್ತು.

ಅವತ್ತೇ ಇಬ್ಬರೂ ಸೇರಿ ಹಲಗೆ ಉಜ್ಜಿ, ಕಾವಿ ಬಳಿದೆವು. ಚೆನ್ನಾಗಿ ಒಣಗುವ ತನಕ ಯಾರೂ ಕೂರಬಾರದು ಎಂದು ಹೇಳಿಯೇ ಮಲಗಿದ್ದು. ಬೆಳಿಗ್ಗೆ ಎದ್ದರೆ ಮಾವ ಕಾಫಿ ಲೋಟ ಹಿಡಿದು ಅಲ್ಲೇ ಇದ್ದಾರೆ. ಬಿಳಿ ಪಂಚೆಯ ಹಿಂಭಾಗ ಇಡೀ ಕೆಂಪು. ಈ ಕಲೆ ಯಾರು ತೊಳೆಯುವುದು ಎಂದು ಅತ್ತೆ ಒಳಗಿನಿಂದ ಗೊಣಗುತ್ತಲೇ ಇದ್ದರು.

ಮಾವ ಅದಕ್ಕೆ ಕಿವಿಗೊಡದೆ ಒಂದು ಕಡೆ ಸರಿದು, ಪಕ್ಕದಲ್ಲಿ ಹಲಗೆ ತಟ್ಟಿದರು.

"ಕೂತ್ಕೊ ಅಳಿಯ. ನಿನ್ನ ಪ್ಯಾಂಟಿಗೂ ಸ್ವಲ್ಪ ಆಗಲಿ."

ಕೂತೆ.