ಕಾಣದ ಚೆಂಡನ್ನು ಹಿಡಿದು

ನಾನು ದಿನವೂ ಬೆಳಗ್ಗೆ ಆರು ಗಂಟೆಗೆ, ಇಲ್ಲದ ಒಂದು ಚೆಂಡನ್ನು ಹೊಟ್ಟೆಯ ಮುಂದೆ ಹಿಡಿದುಕೊಂಡು ಹದಿನೈದು ನಿಮಿಷ ನಿಲ್ಲುತ್ತೇನೆ. ಈ ಸಂಗತಿಯನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಮುಚ್ಚಿಡುವಂತೆಯೂ ಇಲ್ಲ, ಮರಳೂರಿನ ನಮ್ಮ ಮನೆಯ ತಾರಸಿ ಸುತ್ತಲಿನ ನಾಲ್ಕು ತಾರಸಿಗಳಿಗೆ ಚೆನ್ನಾಗಿ ಕಾಣುತ್ತದೆ. ಮೊದಲ ವಾರವೇ ಎದುರುಮನೆಯ ಹೆಂಗಸು ಬಟ್ಟೆ ಒಣಹಾಕುತ್ತಾ ನನ್ನ ಹೆಂಡತಿಯನ್ನು ಕರೆದು, "ಆಂಟಿ, ಅಂಕಲ್‌ಗೆ ಏನಾದ್ರೂ ಎತ್ತಿ ಕೊಡ್ಬೇಕಿತ್ತಾ? ಆಗ್ಲಿಂದ ಕೈ ಚಾಚ್ಕೊಂಡೇ ನಿಂತವ್ರೆ" ಎಂದು ಕೇಳಿದ್ದಳಂತೆ.

ಇದಕ್ಕೆ ಚಿಗಾಂಗ್ ಎಂದು ಹೆಸರು. ಉಸಿರು, ಚಲನೆ, ಗಮನ ಈ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿ, ಎತ್ತಿನ ಗಾಡಿಗಿಂತ ನಿಧಾನವಾಗಿ ನಡೆಸುವ ಚೀನೀ ಸಾಧನೆ. ಅರವತ್ತಾರರ ವಯಸ್ಸಿನಲ್ಲಿ ನಾನು ಇದಕ್ಕೆ ಕೈಹಾಕಿದ್ದು ಜ್ಞಾನದ ಹಸಿವಿನಿಂದಲ್ಲ, ಕಣ್ಣಿನ ಪೊರೆಯಿಂದ. ಎರಡು ವರ್ಷಗಳಿಂದ ನನ್ನ ಪಾಲಿಗೆ ಅಕ್ಷರಗಳು ಮಳೆಗೆ ನೆನೆದ ಪೋಸ್ಟರಿನಂತೆ ಕಲಸಿಹೋಗುತ್ತಿದ್ದವು. ಗುಬ್ಬಿ ನಮ್ಮೂರು, ಅಲ್ಲಿನ ಶಾಲೆಯೊಂದರ ಸಮಾರಂಭದಲ್ಲಿ ನಾನು ಬರೆದುಕೊಂಡು ಹೋಗಿದ್ದ ಭಾಷಣದ ಎರಡನೆಯ ಪುಟವನ್ನು ಮೊದಲು ಓದಿದೆ, ಮೊದಲನೆಯದನ್ನು ಆಮೇಲೆ ಓದಿದೆ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ ಎಂಬುದು ಇನ್ನೂ ದೊಡ್ಡ ದುಃಖ. ಕಡೆಗೆ ಪತ್ರಿಕೆಯನ್ನೂ ನನ್ನ ಹೆಂಡತಿ ಸರ್ವಮಂಗಳಳೇ ಓದಿ ಹೇಳಬೇಕಾಯಿತು. ಅವಳು ಓದುವ ಪತ್ರಿಕೆಯಲ್ಲಿ ಕೊಬ್ಬರಿ ಧಾರಣೆ ಇರುತ್ತದೆ, ನಿಧನವಾರ್ತೆ ಇರುತ್ತದೆ. ಸಂಪಾದಕೀಯ ಎಂಬುದು ಇರುವುದೇ ಇಲ್ಲ. ಕೇಳಿದರೆ, "ಇವತ್ತು ಬರ್ದಿಲ್ಲ ಕಣ್ರೀ" ಎನ್ನುತ್ತಾಳೆ. ರಾಜ್ಯಶಾಸ್ತ್ರ ಬೋಧಿಸಿ ನಿವೃತ್ತನಾದವನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆಯನ್ನು ಯಾವ ಸರ್ಕಾರವೂ ವಿಧಿಸಲಾರದು.

ಪೊರೆ ತೆಗೆಯುವುದು ಈಗ ದೊಡ್ಡ ಮಾತಲ್ಲ ಎಂದು ವೈದ್ಯರು ಹೇಳಿದರು. ದಿನ ಗೊತ್ತುಮಾಡಿದರು. ನಾನು ಹಸಿರು ಅಂಗಿ ತೊಟ್ಟು, ತಲೆಗೆ ಟೋಪಿ ಹಾಕಿಸಿಕೊಂಡು, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕುರ್ಚಿಯಲ್ಲಿ ಕುಳಿತೆ. ಸಿಸ್ಟರ್ ಬಂದು ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು. ಆಸ್ಪತ್ರೆಯ ಶೌಚಾಲಯಗಳ ಬಗ್ಗೆ ನನಗೆ ಕೆಲವು ರಚನಾತ್ಮಕ ಸಲಹೆಗಳಿದ್ದವು. ಅವರು ಪಟ್ಟಿಗೆ ಗಾಳಿ ತುಂಬುವಷ್ಟರಲ್ಲಿ ಮೊದಲ ಎರಡನ್ನು ಮಂಡಿಸಿದೆ. ನೂರಾ ಎಂಬತ್ತೆರಡು. ಆ ಒತ್ತಡದಲ್ಲಿ ಕಣ್ಣು ಮುಟ್ಟುವಂತಿಲ್ಲವೆಂದು ವೈದ್ಯರು ಮಾತ್ರೆ ಬದಲಿಸಿ, ಒಂದೂವರೆ ತಿಂಗಳು ಬಿಟ್ಟು ಬರಹೇಳಿದರು. "ಮನಸ್ಸನ್ನ ಸ್ವಲ್ಪ ಶಾಂತವಾಗಿಟ್ಕೊಳ್ಳಿ" ಎಂದರು. ಶಾಂತಿಯ ವಿಷಯದಲ್ಲಿ ನಾನು ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದವನೆಂಬುದನ್ನು ಅವರಿಗೆ ತಿಳಿಸಲು ಅವಕಾಶವಾಗಲಿಲ್ಲ.

ಆಗ ದೊರೆತವರು ಹನುಮಂತರಾಯಪ್ಪನವರು. ಕುಣಿಗಲ್ಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದವರು, ನಿವೃತ್ತಿಯ ಬಳಿಕ ನಮ್ಮ ಹಿಂದಿನ ಬೀದಿಗೆ ಬಂದು ನೆಲೆಸಿದ್ದಾರೆ. ಬೆಂಗಳೂರಿನ ಒಂದು ಶಿಬಿರದಲ್ಲಿ ಹತ್ತು ದಿನ ಇದ್ದು ಚಿಗಾಂಗ್ ಕಲಿತು ಬಂದಿದ್ದರು. ನನಗಿಂತ ಎರಡು ವರ್ಷ ಹಿರಿಯರು. ಆದರೂ ಒಂಟಿಕಾಲಿನಲ್ಲಿ ನಿಂತು ಪ್ಯಾಂಟು ತೊಡಬಲ್ಲರು. ವಯಸ್ಸಾದವರ ಲೋಕದಲ್ಲಿ ಇದು ಸಣ್ಣ ಪದವಿಯಲ್ಲ. ನಾನು ಹತ್ತು ನಿಮಿಷ ನಿಂತು ಸೊಂಟ ನೋವೆಂದಾಗ ಅವರು ಹೇಳಿದ್ದು ಇಷ್ಟೇ: "ನಮ್ಮ ಕುಣಿಗಲ್ ಫಾರಂನಲ್ಲಿ ಕುದುರೆ ನಿಂತ್ಕಂಡೇ ನಿದ್ದೆ ಮಾಡ್ತವೆ ಸಾರ್. ನೀವು ನಿಂತ್ಕಂಡು ಎಚ್ಚರವಾಗಿರಕ್ಕಾಗಲ್ವಾ?"

ಚೀನೀಯರು ಈ ಚಲನೆಗಳಿಗೆ ಪ್ರಾಣಿಪಕ್ಷಿಗಳ ಹೆಸರಿಟ್ಟಿದ್ದಾರೆ: ಹುಲಿ, ಜಿಂಕೆ, ಕೋತಿ, ಕೊಕ್ಕರೆ, ಕರಡಿ. ಕರಡಿಯಂತೆ ಮೈಯನ್ನು ನಿಧಾನವಾಗಿ ಅತ್ತಿತ್ತ ತೂಗಬೇಕು. ಊರ್ಡಿಗೆರೆಯ ಕಡೆ ಹೊಲದಲ್ಲಿ ಕರಡಿಯನ್ನು ಎದುರುಗೊಂಡ ಯಾರನ್ನಾದರೂ ಕೇಳಿ, ಅದು ನಿಧಾನವಾಗಿತ್ತೆಂದು ಒಬ್ಬರೂ ಸಾಕ್ಷಿ ಹೇಳುವುದಿಲ್ಲ. ಆದರೂ ನಾನು ಶಿಸ್ತಿನ ವಿದ್ಯಾರ್ಥಿ, ತೂಗಿದೆ. ಆಮೇಲೆ ಬರುವುದೇ ಕೂತು ಮಾಡುವ ಧ್ಯಾನ. ಎಡ ಅಂಗೈಯನ್ನು ಮೇಲ್ಮುಖವಾಗಿ ತೊಡೆಯ ಮೇಲಿಟ್ಟು, ಅದರ ಮೇಲೊಂದು ಬೆಚ್ಚಗಿನ ಚೆಂಡಿದೆಯೆಂದು ಭಾವಿಸಿ, ಅಲ್ಲಿಯೇ ದೃಷ್ಟಿ ನಿಲ್ಲಿಸಬೇಕು.

ಒಂದು ಬೆಳಗ್ಗೆ ನಾನು ಹೀಗೆ ಕುಳಿತಿರುವಾಗ ಸರ್ವಮಂಗಳ ಬಂದು ಬಾಗಿಲಲ್ಲಿ ನಿಂತಳು. ಅವಳ ಎಡ ಅಂಗೈಯಲ್ಲಿ ಆಗ ತಾನೇ ಪೂಜೆ ಮುಗಿಸಿದ ಅವಳ ಇಷ್ಟಲಿಂಗವಿತ್ತು. ಒಂದು ಕ್ಷಣ ನನ್ನ ಕೈಯನ್ನೂ ತನ್ನ ಕೈಯನ್ನೂ ನೋಡಿ ಹೇಳಿದಳು: "ಅಲ್ಲ ಕಣ್ರೀ, ಕಾಣೋದನ್ನ ಹಿಡ್ಕೊಳ್ಳಿ ಅಂದ್ರೆ ಮೂಢನಂಬಿಕೆ ಅಂತ ಮೂರು ದಿನ ಭಾಷಣ ಮಾಡಿದ್ರಿ. ಈಗ ಕಾಣದೇ ಇರೋದನ್ನ ಹಿಡ್ಕೊಂಡು ಕೂತಿದೀರಲ್ಲ, ಇದು ವಿಜ್ಞಾನನಾ?"

ಇಲ್ಲಿ ಹಿನ್ನೆಲೆಯನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಪ್ರತಿಯೊಬ್ಬರೂ ಇಷ್ಟಲಿಂಗವನ್ನು ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುವುದು, ಬೆಳಗ್ಗೆ ಅದನ್ನು ಅಂಗೈಯಲ್ಲಿಟ್ಟು ದಿಟ್ಟಿಸಿ ಪೂಜಿಸುವುದು ಪದ್ಧತಿ. ಕಾಲೇಜಿನ ಎರಡನೆಯ ವರ್ಷದಲ್ಲಿ, ಆಚರಣೆ ವಿಚಾರಕ್ಕೆ ಅಡ್ಡಿಯೆಂಬ ವಿಷಯದ ಪರವಾಗಿ ಏಳು ನಿಮಿಷ ಮಾತಾಡಿ ಗೆದ್ದ ನಾನು, ಗೆದ್ದ ಮೇಲೆ ನಡೆದು ತೋರಿಸಬೇಕೆಂದು ಗುಬ್ಬಿಗೆ ಹೋಗಿ ಕರಡಿಗೆಯನ್ನು ಬಿಚ್ಚಿ ಅಮ್ಮನ ಕೈಗಿಟ್ಟೆ. ಅಮ್ಮ ವಾದಿಸಿದ್ದರೆ ಎದುರಿಸಲು ಮೂರು ಅಂಶಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಆ ಮೂರು ಅಂಶಗಳು ನಲವತ್ತಾರು ವರ್ಷಗಳಿಂದ ನನ್ನ ಬಳಿ ಹಾಗೆಯೇ ಉಳಿದಿವೆ. ಹೆಂಡತಿಯ ಮುಂದೆ ಅವನ್ನು ಬಳಸಲು ಹೊರಟೆ. ಅಷ್ಟರಲ್ಲಿ ಅವಳು ಉಪ್ಪಿಟ್ಟು ಸೀಯುತ್ತಿದೆಯೆಂದು ಅಡುಗೆಮನೆಗೆ ಹೋದಳು.

ಧ್ಯಾನದಲ್ಲಿ ನನಗಿದ್ದ ತೊಂದರೆಯೂ ಇದೇ ಜಾತಿಯದು. ಚರ್ಚಾಪಟುವಿಗೆ ಮೌನವೆಂದರೆ ಎದುರಾಳಿ ಮಾತಾಡುತ್ತಿರುವ ಕಾಲ. ಹೊರಗೆ ಸುಮ್ಮನಿರುತ್ತಾನೆ, ಒಳಗೆ ಖಂಡನೆ ತಯಾರಾಗುತ್ತಿರುತ್ತದೆ. ಉಸಿರು ಎಳೆಯುವಾಗ ಮೊದಲನೆಯದಾಗಿ, ಬಿಡುವಾಗ ಎರಡನೆಯದಾಗಿ. ಹೀಗೆ ಇಪ್ಪತ್ತು ನಿಮಿಷ ಕುಳಿತು ಏಳುವಷ್ಟರಲ್ಲಿ ನಗರಸಭೆ, ವಿಶ್ವವಿದ್ಯಾಲಯ ಮತ್ತು ನನ್ನ ಭಾಮೈದ ಮೂವರೂ ಸೋತು ಕುಳಿತಿರುತ್ತಿದ್ದರು. ಧ್ಯಾನ ಬಹಳ ಚೆನ್ನಾಗಿ ಆಗುತ್ತಿದೆಯೆಂದೇ ನಾನು ನಂಬಿದ್ದೆ.

ನಂಬಿದ್ದನ್ನು ತಾನೊಬ್ಬನೇ ಅನುಭವಿಸುವುದು ಸುಧಾರಕನ ಧರ್ಮವಲ್ಲ. ತಿಂಗಳು ತುಂಬುವ ಮೊದಲೇ ಬಡಾವಣೆಯ ಪಾರ್ಕಿನಲ್ಲಿ ಹಿರಿಯ ನಾಗರಿಕರ ಬಳಗವೊಂದನ್ನು ಕಟ್ಟಿದೆ. ಹನುಮಂತರಾಯಪ್ಪನವರೂ ಸೇರಿ ಹದಿನಾಲ್ಕು ಜನ ಬಂದರು. ಚಲನೆಗೆ ಮೊದಲು ಉದ್ದೇಶ ಸ್ಪಷ್ಟವಾಗಿರಬೇಕಲ್ಲವೆ? ಆದ್ದರಿಂದ ನಾನು ದಿನವೂ ಪ್ರಾಸ್ತಾವಿಕವಾಗಿ ನಾಲ್ಕು ಮಾತಾಡುತ್ತಿದ್ದೆ. ಎರಡನೆಯ ವಾರ, ಕೊಬ್ಬರಿ ಮಂಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಬಿಡುವಾಗಿದ್ದ ಶಿವಣ್ಣನವರು ಕೈಯೆತ್ತಿದರು. "ಅಲ್ಲ ಸಾರ್, ಆಟದ ಸಾಮಾನೂ ಚೀನಾದ್ದೇ, ಫೋನೂ ಚೀನಾದ್ದೇ, ಈಗ ಉಸಿರೂ ಅವ್ರ್ದೇ ಎಳ್ಕೋಬೇಕಾ? ನಮ್ದು ಯೋಗ ಇಲ್ವಾ?" ನಾನು ಒಂದು ಗಂಟೆ ಕಾಲ ಉತ್ತರಿಸಿದೆ. ಅವರು ಬೆಳಗ್ಗೆ ಕುಡಿದುಬಂದ ಟೀ, ಓದಿಬಂದ ಪತ್ರಿಕೆಯ ಕಾಗದ, ಮಗನ ಮದುವೆಯಲ್ಲಿ ಹೊದ್ದ ರೇಷ್ಮೆ ಶಲ್ಯ, ಎಲ್ಲದರ ಚೀನೀ ಮೂಲವನ್ನೂ ಒಂದೊಂದಾಗಿ ಬಿಡಿಸಿಟ್ಟೆ. ಶಿವಣ್ಣನವರ ಬಳಿ ಉತ್ತರವಿರಲಿಲ್ಲ. ಮರುದಿನ ಪಾರ್ಕಿನಲ್ಲಿ ಶಿವಣ್ಣನವರೂ ಇರಲಿಲ್ಲ, ಇನ್ನುಳಿದ ಹನ್ನೆರಡು ಜನವೂ ಇರಲಿಲ್ಲ. ಹನುಮಂತರಾಯಪ್ಪನವರು ಖಾಲಿ ಹುಲ್ಲನ್ನು ನೋಡಿ ನಕ್ಕರು: "ಗೆದ್ದ್ರಲ್ಲ ಸಾರ್, ಇನ್ನೇನು, ಇಡೀ ಪಾರ್ಕೇ ನಿಮ್ದು."

ಎರಡನೆಯ ಬಾರಿ ಆಸ್ಪತ್ರೆಗೆ ಹೋದಾಗ ಅದೇ ಕುರ್ಚಿ, ಅದೇ ಸಿಸ್ಟರ್. ನನ್ನಲ್ಲಿ ಅಪಾರ ವಿಶ್ವಾಸವಿತ್ತು. ಪಟ್ಟಿ ಬಿಗಿಯುತ್ತಿರುವಾಗ ಅವರಿಗೆ ಚಿಗಾಂಗಿನಿಂದ ರಕ್ತದೊತ್ತಡ ಹೇಗೆ ಇಳಿಯುತ್ತದೆಂದು ಉದಾಹರಣೆ ಸಹಿತ ವಿವರಿಸಿದೆ. ನೂರಾ ಎಂಬತ್ತೆಂಟು.

ದಿನವನ್ನು ಮತ್ತೆ ಮುಂದೂಡಿಸಿಕೊಂಡು ಅಂದು ಮನೆಗೆ ಬರುವಾಗ ಆಟೋದಲ್ಲಿ ಸರ್ವಮಂಗಳ ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದಳು. ಇಳಿಯುವಾಗ ಮೆಟ್ಟಿಲು ಎಲ್ಲಿದೆಯೆಂದು ನನಗೆ ಕಾಣುತ್ತಿರಲಿಲ್ಲ. ಮರುದಿನ ನಾನಾಗಿಯೇ ಪತ್ರಿಕೆ ತಂದು ಅವಳ ಕೈಗೆ ಕೊಟ್ಟು, "ಕೊಬ್ಬರಿ ಧಾರಣೆ ಓದು" ಎಂದೆ. ಅವಳು ಕನ್ನಡಕ ಹಾಕಿಕೊಂಡು, ನಿಧಾನವಾಗಿ, ಸಂಪಾದಕೀಯವನ್ನು ಮೊದಲಿಂದ ಕೊನೆಯವರೆಗೂ ಓದಿದಳು. ಆಗ ನನಗೆ ನಿಜವಾಗಿಯೂ ಭಯವಾಯಿತು.

ಭಾಷಣವಿಲ್ಲದೆ, ಬಳಗವಿಲ್ಲದೆ, ಇನ್ನೆರಡು ತಿಂಗಳು ತಾರಸಿಯ ಮೇಲೆ ನಿಂತೆ. ಏನಾದರೂ ಬದಲಾಯಿತೇ ಎಂದರೆ ಪ್ರಾಮಾಣಿಕವಾಗಿ ಹೇಳಲಾರೆ. ಸೊಂಟದ ನೋವು ಕಡಿಮೆಯಾಯಿತು. ಪ್ಯಾಂಟನ್ನು ಗೋಡೆ ಹಿಡಿಯದೆ ತೊಡಲು ಬಂದಿತು. ಧ್ಯಾನದೊಳಗೆ ಭಾಮೈದನನ್ನು ಮಾತ್ರ ದಿನವೂ ಸೋಲಿಸುತ್ತಲೇ ಇದ್ದೆ.

ಮೂರನೆಯ ಬಾರಿ ಹೊರಡುವಾಗ ಸರ್ವಮಂಗಳ ಬೆರಳಲ್ಲಿ ವಿಭೂತಿ ಹಿಡಿದು ನಿಂತಿದ್ದಳು. "ಇವತ್ತೊಂದಿನ ಬೇಡ ಅನ್ಬೇಡಿ." ಹಣೆ ಒಡ್ಡಿದೆ, ಒತ್ತಡ ಏರದಿರಲೆಂಬ ವೈದ್ಯಕೀಯ ಕಾರಣದಿಂದ ಮಾತ್ರ. ಆಸ್ಪತ್ರೆಯಲ್ಲಿ ಸಿಸ್ಟರ್ ನನ್ನನ್ನು ಕಂಡೊಡನೆ ಗುರುತು ಹಿಡಿದರು. ಬಲತೋಳಿಗೆ ಪಟ್ಟಿ ಸುತ್ತುತ್ತಾ ಮೆಲ್ಲಗೆ ಹೇಳಿದರು: "ಸಾರ್, ಒಂದು ಹೆಲ್ಪ್ ಮಾಡಿ. ಪಟ್ಟಿ ಕಟ್ಟಿದ್ಮೇಲೆ ಬಿಚ್ಚೋವರ್ಗೂ ಏನೂ ಮಾತಾಡ್ಬೇಡಿ. ಮಾತಾಡಿದ್ರೆ ಬಿಪಿ ಜಾಸ್ತಿ ತೋರ್ಸುತ್ತೆ. ಹೋದ್ಸಲ ಹೇಳೋಣ ಅಂದ್ಕೊಂಡೆ, ನೀವು ಗ್ಯಾಪೇ ಕೊಡ್ಲಿಲ್ಲ."

ನಾನು ತುಟಿ ಮುಚ್ಚಿದೆ. ಬಿಡುವಾಗಿದ್ದ ಎಡಗೈಯನ್ನು ಅಭ್ಯಾಸಬಲದಿಂದ ತೊಡೆಯ ಮೇಲೆ ಅಂಗಾತ ಇಟ್ಟು, ಇಲ್ಲದ ಚೆಂಡನ್ನು ದಿಟ್ಟಿಸತೊಡಗಿದೆ. ಪಕ್ಕದ ಕುರ್ಚಿಯಲ್ಲಿ ನನ್ನಂತೆಯೇ ಹಸಿರು ಅಂಗಿ ತೊಟ್ಟ ಮುದುಕರೊಬ್ಬರಿದ್ದರು. ಊರ್ಡಿಗೆರೆಯ ಕಡೆಯ ರೈತರೆಂದು ಸಿಸ್ಟರ್‌ಗೆ ಹೇಳುತ್ತಿದ್ದುದು ಕೇಳಿಸಿತ್ತು. ಅವರ ಕೊರಳಲ್ಲಿ ಕರಡಿಗೆಯಿತ್ತು. ಅವರು ನನ್ನ ಹಣೆಯ ವಿಭೂತಿಯನ್ನು ನೋಡಿದರು, ಬರಿದಾದ ಕೊರಳನ್ನು ನೋಡಿದರು, ಅಂಗೈಯನ್ನು ನೋಡಿದರು. ಆಮೇಲೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ಏನ್ ಸ್ವಾಮಿ, ಕಳ್ಕಂಡ್ರಾ?"

ನೋಡಿ, ನಲವತ್ತಾರು ವರ್ಷಗಳಿಂದ ಕಾದಿದ್ದ ಪ್ರಶ್ನೆ. ಕಳೆದುಕೊಂಡಿಲ್ಲ, ಬಿಟ್ಟಿದ್ದೇನೆ, ಮರೆವಿನಿಂದಲ್ಲ, ತತ್ತ್ವದಿಂದ ಬಿಟ್ಟಿದ್ದೇನೆ, ಮೂರನೆಯದಾಗಿ, ಇದು ಬೇರೆಯೇ ಸಾಧನೆ. ಮೂರೂ ಅಂಶಗಳು ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಪಟ್ಟಿ ಬಿಗಿಯುತ್ತಿತ್ತು. ಸಿಸ್ಟರ್ ಕಣ್ಣಲ್ಲೇ ಗದರಿಸಿದರು. ಉಸಿರು ಎಳೆದೆ, ಬಿಟ್ಟೆ. ನನ್ನ ಮೌನವನ್ನು ಮುದುಕರು ಸಂಕಟವೆಂದು ತಿಳಿದರು. ಒರಟಾದ ಕೈಯನ್ನು ನನ್ನ ಮೊಣಕೈ ಮೇಲಿಟ್ಟು, "ಬ್ಯಾಸರ ಮಾಡ್ಕಬ್ಯಾಡಿ. ಅದೆಲ್ಲಿಗೆ ಹೋಗ್ತದೆ? ಮನೇಲೇ ಎಲ್ಲೋ ಇರ್ತದೆ. ಸಿಕ್ತದೆ ಬುಡಿ" ಎಂದರು.

ಗಾಳಿ ಇಳಿಯಿತು. ನೂರಾ ನಲವತ್ತು. "ನೋಡಿದ್ರಾ ಸಾರ್!" ಎಂದು ಸಿಸ್ಟರ್ ಸಂಭ್ರಮಿಸಿದರು. ಈಗ ಮಾತಾಡಲು ಅಡ್ಡಿಯಿರಲಿಲ್ಲ. ಮುದುಕರ ಕಡೆಗೆ ತಿರುಗಿದೆ; ಅವರ ಮುಖ ನನಗೆ ಮಸುಕು, ನನ್ನದೂ ಅವರಿಗೆ ಹಾಗೆಯೇ ಇದ್ದಿರಬೇಕು. ಮೊದಲನೆಯ ಅಂಶ ಏನೆಂಬುದು ಚೆನ್ನಾಗಿ ನೆನಪಿತ್ತು. "ಹೂಂ, ಹುಡುಕ್ತೀನಿ" ಎಂದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಮೂರೂವರೆ ತಿಂಗಳ ಚಿಗಾಂಗ್ ನನ್ನ ಒತ್ತಡವನ್ನು ಇಳಿಸಿತೋ, ಹೊಸ ಮಾತ್ರೆ ಇಳಿಸಿತೋ, ಒಂದು ನಿಮಿಷ ಬಾಯಿ ಮುಚ್ಚಿದ್ದು ಇಳಿಸಿತೋ ಎಂಬ ವಿಷಯದ ಮೇಲೆ ಪರ ವಿರೋಧ ಎರಡೂ ಕಡೆಯಿಂದ ನಾನು ಮಾತಾಡಬಲ್ಲೆ, ಯಾರೂ ಕರೆದಿಲ್ಲ. ಚೆಂಡನ್ನಂತೂ ಬಿಟ್ಟಿಲ್ಲ. ಇನ್ನೊಂದು ಕಣ್ಣು ಬಾಕಿಯಿದೆ.

ಶಸ್ತ್ರಚಿಕಿತ್ಸೆಯಾದ ಎಂಟನೆಯ ದಿನ ಮನೆಯೊಳಗೆ ಸುಮ್ಮನೆ ಅಡ್ಡಾಡುತ್ತಾ ಒಂದೊಂದನ್ನೇ ಓದುತ್ತಿದ್ದೆ. ಕ್ಯಾಲೆಂಡರು, ಔಷಧಿ ಸೀಸೆ, ಗೋಡೆಯ ಮೇಲೆ ನನ್ನದೇ ಸನ್ಮಾನಪತ್ರ. ಅದರಲ್ಲಿ ಇಷ್ಟೊಂದು ಸುಳ್ಳಿರುವುದು ಹಿಂದೆ ಕಂಡಿರಲಿಲ್ಲ. ದೇವರ ಗೂಡಿನ ಕೆಳಗಿನ ಹಲಗೆಯಲ್ಲಿ, ಹೂಬುಟ್ಟಿಯ ಹಿಂದೆ, ಏನೋ ಮಿನುಗಿತು. ಗುಬ್ಬಿಯ ಮನೆಯ ಬೆಳ್ಳಿ ಕರಡಿಗೆ. ಒಂದು ಬದಿಯಲ್ಲಿ ನಾನು ಹುಡುಗನಾಗಿದ್ದಾಗ ಅದು ಕಲ್ಲಿನ ಮೇಲೆ ಬಿದ್ದು ಆಗಿದ್ದ ನೆಗ್ಗು ಹಾಗೆಯೇ ಇತ್ತು. ನಲವತ್ತಾರು ವರ್ಷದ ಬೆಳ್ಳಿ ಕಪ್ಪಾಗಿರಬೇಕಿತ್ತು. ನಿನ್ನೆ ತಂದಂತೆ ಬೆಳ್ಳಗಿತ್ತು. ಅಮ್ಮ ಅದನ್ನು ಯಾವಾಗ ಸೊಸೆಯ ಕೈಗೆ ಕೊಟ್ಟರೋ ನನಗೆ ತಿಳಿಯದು.

"ಇದನ್ನ ಯಾರು ತಿಕ್ಕಿ ಇಡ್ತಿದ್ದಾರೆ?" ಎಂದು ಕೇಳಿದೆ. ನನ್ನ ದನಿ ಸಭೆಯಲ್ಲಿ ಕೇಳಿಸುವ ದನಿಯಾಗಿರಲಿಲ್ಲ.

ಸರ್ವಮಂಗಳ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಗೂಡನ್ನೂ ನನ್ನನ್ನೂ ನೋಡಿದಳು. "ಸದ್ಯ, ಕಣ್ಣು ಕಾಣ್ತಾ ಇದೆ ಅಂತಾಯ್ತು" ಎಂದಳು. ನಾನು ಉತ್ತರಕ್ಕೆ ಬಾಯಿ ತೆರೆದೆ. ಅವಳು ಕಣ್ಣಿನ ಹನಿಯ ಪುಟ್ಟ ಸೀಸೆಯನ್ನು ಎತ್ತಿ ತೋರಿಸಿ, "ಕೂತ್ಕೊಳ್ಳಿ, ಟೈಮಾಯ್ತು. ಹನಿ ಹಾಕಿದ್ಮೇಲೆ ಐದ್ನಿಮಿಷ ಸುಮ್ನಿರ್ಬೇಕು" ಎಂದಳು.

ಕುಳಿತೆ. ಐದು ನಿಮಿಷ ಸುಮ್ಮನಿದ್ದೆ. ಒಳಗೆ ವಾದಕ್ಕೆ ಭಾಮೈದ ಕೂಡ ಬರಲಿಲ್ಲ.