ಚಂದವ್ವ ಸಾಹೇಬರನ್ನು ಸ್ಲ್ಯಾಬಿನ ಮೇಲೆ ಕರೆದ ದಿನ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಂದವ್ವನನ್ನು ಮುಕಾದಮಳನ್ನಾಗಿ ಮಾಡಿದರು ಎಂದು ಕೇಳಿದ ದಿನ ನಾನು ಕೈಯಲ್ಲಿದ್ದ ಚಹಾದ ಗ್ಲಾಸು ಅಲ್ಲೇ ಕುಕ್ಕಿ ಎದ್ದು ಹೋದವನು. ಅದು ೧೯೮೮ರ ಮೇ ತಿಂಗಳು. ಗೋವಾದ ಮೋತಿ ಡೊಂಗರ್ ಕೇರಿಯಿಂದ ದಿನಾ ಲಾರಿ ಹತ್ತುತ್ತಿದ್ದ ನಮ್ಮ ಇಪ್ಪತ್ತೆರಡು ಮಂದಿಯ ಗ್ಯಾಂಗಿಗೆ ಹಣಮಪ್ಪ ಮುಕಾದಮ. ಆಳು ಕೂಡಿಸುವುದು, ಇಂಜಿನಿಯರ್ ಸಾಹೇಬರ ಮಾತನ್ನು ನಮಗೆ ಮುಟ್ಟಿಸುವುದು ಅವನ ಕೆಲಸ. ಅವನು ಕಾಮಾಲೆಯಾಗಿ ಊರಿಗೆ ಹೋಗುವಾಗ ಗುತ್ತಿಗೆದಾರರ ಕಿವಿಯಲ್ಲಿ ಚಂದವ್ವನ ಹೆಸರು ಹೇಳಿ ಹೋಗಿದ್ದ. ಆರು ವರ್ಷದಿಂದ ಕಾಂಕ್ರೀಟಿನ ಮಿಕ್ಸರ್ ನಡೆಸುತ್ತಿದ್ದ ಈ ಗೋಪಪ್ಪ ಯಾರ ಕಣ್ಣಿಗೂ ಬೀಳಲಿಲ್ಲವೇ? ಹೊಟ್ಟೆ ಉರಿದುಹೋಯಿತು.

ಚಂದವ್ವ ಕುಷ್ಟಗಿ ಕಡೆಯವಳು. ಗಂಡ ಪರಮಣ್ಣ ವಾಸ್ಕೋ ಬಂದರಿನಲ್ಲಿ ಹಮಾಲಿ. ಗೋವಾಕ್ಕೆ ಬಂದಾಗ ಅವಳಿಗೆ ಹಿಂದಿಯೂ ಇಲ್ಲ, ಕೊಂಕಣಿಯೂ ಇಲ್ಲ. ನಮಗಾದರೂ ಏನು ಬರುತ್ತಿತ್ತು? ಆದರೆ ನಾವು ಸಾಹೇಬರು ಏನೇ ಹೇಳಲಿ, ತಿಳಿಯಲಿ ಬಿಡಲಿ, "ಹಾಂ ಸಾಬ್" ಎನ್ನುತ್ತಿದ್ದೆವು. ಮತ್ತೊಮ್ಮೆ ಕೇಳಿದರೆ ಅವರಿಗೆ ಅಪಮಾನ, ನಮಗೆ ನಾಚಿಕೆ. ಅವರು ಅತ್ತ ಹೋದ ಮೇಲೆ ಐದು ಜನ ಕೂತು, ಅವರು ಹೇಳಿದ್ದೇನು ಎಂದು ಜಗಳಾಡುತ್ತಿದ್ದೆವು. ಹಾಗೆ ಕಟ್ಟಿ ಮತ್ತೆ ಒಡೆದ ಗೋಡೆಗಳು ಒಂದೆರಡಲ್ಲ. ಚಂದವ್ವ ಮಾತ್ರ ತಿಳಿಯಲಿಲ್ಲ ಎಂದು ಮುಖಕ್ಕೆ ಹೇಳುತ್ತಿದ್ದಳು. ಇನ್ನೊಮ್ಮೆ ಹೇಳಿಸಿಕೊಂಡು, ತಿಳಿದಷ್ಟನ್ನು ತನ್ನ ಮುರುಕು ಹಿಂದಿಯಲ್ಲಿ ತಿರುಗಿ ಒಪ್ಪಿಸುತ್ತಿದ್ದಳು. ಮಂದಬುದ್ಧಿ ಎಂದು ಎಷ್ಟೋ ಸಾಹೇಬರು ಬೈದರು. ನಾನು ಗಿಳಿ ಎಂದು ಆಡಿಕೊಂಡೆ. ಅವಳು ಬಿಡಲಿಲ್ಲ.

ಮುಕಾದಮಳಾಗಿ ಅವಳ ಮೊದಲ ಸ್ಲ್ಯಾಬು ಸಾವರ್ಡೆಯಲ್ಲಿ, ಎರಡಂತಸ್ತಿನ ಅಂಗಡಿ ಕಟ್ಟಡ. ಸ್ಲ್ಯಾಬನ್ನು ಒಂದೇ ದಿನದಲ್ಲಿ ಮುಗಿಸಬೇಕು, ನಡುವೆ ನಿಂತರೆ ಸೋರುತ್ತದೆ. ಅದರ ಮೇಲೆ ಮಳೆಗಾಲ ಬಾಗಿಲಲ್ಲೇ ನಿಂತಿತ್ತು. ಇದೊಂದು ಕೆಟ್ಟರೆ ಮುಂದಿನ ಕೆಲಸಕ್ಕೆ ಸಾಂಖಳಿಯ ಗ್ಯಾಂಗು ತರುತ್ತೇನೆ ಎಂದು ಗುತ್ತಿಗೆದಾರರು ಖಡಾಖಂಡಿತವಾಗಿ ಹೇಳಿದ್ದರು. ಅಂದರೆ ಇಪ್ಪತ್ತೆರಡು ಮಂದಿ ಮಳೆಗಾಲವಿಡೀ ಖಾಲಿ ಕೈ.

ಹಿಂದಿನ ದಿನ ಅವಳು ನನ್ನ ಮಿಕ್ಸರಿನ ಹತ್ತಿರ ಬಂದಳು. ಒಂದು ಸಲಕ್ಕೆ ಎಷ್ಟು ಬುಟ್ಟಿ ಮಾಲು ಬೀಳುತ್ತದೆ, ಎಷ್ಟು ಹೊತ್ತು ತಿರುಗಬೇಕು, ಹೆಂಗಸರು ಎಲ್ಲಿ ನಿಂತರೆ ನನ್ನ ಕೈಗೆ ಅಡ್ಡ ಬರುವುದಿಲ್ಲ, ಎಲ್ಲ ಕೇಳಿದಳು. ಆರು ವರ್ಷದಲ್ಲಿ ಒಬ್ಬನೂ ನನ್ನನ್ನು ಹೀಗೆ ಕೇಳಿರಲಿಲ್ಲ! ಒಳಗೊಳಗೇ ಖುಷಿಯಾಯಿತು, ಆದರೂ ಮುಖ ಗಂಟು ಹಾಕಿಕೊಂಡೇ ಹೇಳಿದೆ.

ಮರುದಿನ ಬೆಳಿಗ್ಗೆ ಎಲ್ಲರ ಮೈಯಲ್ಲೂ ಹುರುಪು. ಮಿಕ್ಸರಿಗೆ ಚೆಂಡುಹೂವಿನ ಮಾಲೆ, ರಸ್ತೆ ಬದಿಯಲ್ಲಿ ತೆಂಗಿನಕಾಯಿ ಪೂಜೆ, ಹೊಸ ಬಟ್ಟೆ ಹಾಕಿಕೊಂಡ ಕಟ್ಟಡದ ಮಾಲಕರ ಸಂಸಾರ. ಇಂಜಿನಿಯರ್ ಮಿನಿನ್ ಸಾಹೇಬರು ಕಾಲೇಜು ಬಿಟ್ಟು ವರ್ಷವಾಗಿರಲಿಲ್ಲ. ರಸ್ತೆ ಬದಿಯಿಂದಲೇ ಶುರು ಮಾಡಿ, ಮೊದಲ ಬುಟ್ಟಿ ಬೀಳುವುದನ್ನು ಮಾಲಕರು ನೋಡಬೇಕು ಎಂದರು. ಎಲ್ಲರೂ "ಹಾಂ ಸಾಬ್" ಎಂದರು.

ನನಗೆ ತಕ್ಷಣ ಹೊಳೆಯಿತು. ಬಿದಿರಿಗೆ ಹಲಗೆ ಕಟ್ಟಿ ಮೇಲೆ ಹತ್ತಲು ಮಾಡಿದ್ದ ದಾರಿಯೂ ರಸ್ತೆ ಬದಿಗೇ ಇತ್ತು. ಅಲ್ಲಿಂದ ಸುರಿದರೆ ಹಿಂದಿನ ಮೂಲೆಗೆ ಹೋಗಲು ದಿನವಿಡೀ ಹಸಿ ಕಾಂಕ್ರೀಟನ್ನೇ ತುಳಿಯಬೇಕು. ಸ್ಲ್ಯಾಬು ಹಾಳು. ಗೊತ್ತಿದ್ದೂ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮುಳುಗಲಿ ಇವಳು ಎಂದುಕೊಂಡೆ. ಇವತ್ತು ಹೇಳುವಾಗ ನನಗೇ ಹೇಸಿಗೆಯಾಗುತ್ತದೆ.

ಚಂದವ್ವ ಎಂದಿನಂತೆ ತಿರುಗಿ ಒಪ್ಪಿಸಿದಳು: ಮೊದಲು ರಸ್ತೆ ಬದಿ, ಕಡೆಗೆ ಹಿಂದಿನ ಮೂಲೆ. ಹೇಳುತ್ತಲೇ ಅವಳ ಮಾತು ನಿಂತಿತು. ಹಲಗೆ ನೋಡಿದಳು, ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿದೆ. ಮಾಲಕರು ಎರಡು ಮಾರು ದೂರದಲ್ಲೇ ಇದ್ದರು. ಅವಳು ದನಿ ತಗ್ಗಿಸಿ ಸಾಹೇಬರಿಗೆ ಹಿಂದಿಯಲ್ಲಿ ಹೇಳಿದ್ದು ಇಷ್ಟು: "ನಂಗ ಒಂದು ತಿಳೀವಲ್ದ್ರಿ. ನೀವು ಮ್ಯಾಲ ಬಂದು, ಹೆಣ್ಮಕ್ಕಳು ಎಲ್ಲೆಲ್ಲಿ ಕಾಲಿಡಬೇಕು ಅಂತ ಒಮ್ಮೆ ತೋರಿಸಿಕೊಡ್ರಿ."

ಸಾಹೇಬರು ಗೊಣಗುತ್ತಲೇ ಹತ್ತಿದರು. ಹಲಗೆ ಕಟ್ಟಿದ ಹಗ್ಗ ನೋಡುವ ನೆಪದಲ್ಲಿ ನಾನೂ ಹಿಂದೆ ಹೋದೆ. ಅವರು ಹಲಗೆಯ ತುದಿಯಲ್ಲಿ ನಿಂತು ರಸ್ತೆ ಬದಿ ನೋಡಿದರು, ಹಿಂದಿನ ಮೂಲೆ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಕಿವಿ ಕೆಂಪಗಾಯಿತು. ಚಂದವ್ವ ಹಾಸಿದ ಕಬ್ಬಿಣದ ಸರಳು ನೋಡುತ್ತ ನಿಂತಳು. ಸಾಹೇಬರು ಕೆಳಗಿಳಿದು ಮಾಲಕರಿಗೆ, ಮೊದಲ ಬುಟ್ಟಿಯನ್ನು ನೀವೇ ಹಿಂದಿನ ಮೂಲೆಯಲ್ಲಿ ಸುರಿಯಬೇಕು, ಮೇಲೆ ಬನ್ನಿ ಎಂದರು. ಮಾಲಕರು ಹಿಗ್ಗಿ ಪ್ಯಾಂಟು ಮಡಚಿಕೊಂಡು ಹತ್ತಿಯೇಬಿಟ್ಟರು.

ನನ್ನ ಸಿಟ್ಟು ನೋಡಿ, ಆಗ ಅವಳ ಪರವಾಗಿ ಏರಿತು! ತೋರಿಸಿದ್ದು ಇವಳು, ಹೆಸರು ಅವರದ್ದೇ? ಅದನ್ನೇ ಅವಳ ಮುಂದೆ ಒದರಿದೆ.

"ಇರ್ಲಿ ಬಿಡೋ ಗೋಪಪ್ಪ," ಎಂದಳು. "ಅವ್ರ ಮರ್ಯಾದಿ ಉಳದ್ರ ನಮ್ಮ ಮಾತು ನಾಳಿನೂ ಕೇಳ್ತಾರ."

ಆಮೇಲೆ ನಡೆದ ಕೆಲಸ ಏನೆಂದು ಹೇಳಲಿ! ಬುಟ್ಟಿಗಳು ಕೈಯಿಂದ ಕೈಗೆ ಹಾರಿದವು. ಭುಜ ನೋವೆಂದ ಹುಲಿಗೆವ್ವನನ್ನು ಚಂದವ್ವ ಖಾಲಿ ಬುಟ್ಟಿಯ ಸಾಲಿಗೆ ಹಾಕಿದಳು. ಮಿಕ್ಸರಿನ ಗದ್ದಲದಲ್ಲಿ ಕೂಗಿ ಗಂಟಲು ಹರಿದುಕೊಳ್ಳದೆ, ಬೇಗ ಬೇಕಾದರೆ ನನಗೆ ಕೈ ಎತ್ತಿ ತೋರಿಸುತ್ತಿದ್ದಳು. ನಾಲ್ಕಕ್ಕೆ ಮೋಡ ಕಟ್ಟಿತು. ಹಿಂದಿನ ಮೂಲೆಯಿಂದ ಸುರಿಯುತ್ತ ಸುರಿಯುತ್ತ ಹಲಗೆಯ ಬಾಯಿಗೆ ಬಂದೆವು. ಐದೂವರೆಗೆ ಕಡೆಯ ಬುಟ್ಟಿ ಬಿತ್ತು. ತಾಡಪತ್ರಿ ಎಳೆಯುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಹೆಂಗಸರು ಕೇಕೆ ಹಾಕಿದರು, ನಾನು ಸಲಿಕೆ ಎಸೆದು ಕುಣಿದೆ.

ಗುತ್ತಿಗೆದಾರರು ಬಂದು ಸುತ್ತ ನೋಡಿ, ಮುಂದಿನ ಸ್ಲ್ಯಾಬಿಗೆ ಯಾವ ಗ್ಯಾಂಗು ಎಂದು ಮಿನಿನ್ ಸಾಹೇಬರನ್ನು ಕೇಳಿದರು. ಸಾಹೇಬರು ಮಾಲಕರ ಎದುರಿನಲ್ಲೇ, ಬೆಳಿಗ್ಗೆ ತಾನು ತಪ್ಪು ಹೇಳಿದ್ದೆ, ಈ ಹೆಣ್ಣುಮಗಳು ತನ್ನನ್ನು ಮೇಲೆ ಕರೆದು ಯಾರಿಗೂ ಕೇಳದಂತೆ ತಿದ್ದಿದಳು, ಇವಳಿಲ್ಲದೆ ಇನ್ನು ಸ್ಲ್ಯಾಬು ಹಾಕುವುದಿಲ್ಲ ಎಂದರು. ಗುತ್ತಿಗೆದಾರರು ಅವಳತ್ತ ತಿರುಗಿ ಮುಂದಿನದಕ್ಕೆ ಎಷ್ಟು ಮಂದಿ ಬೇಕು ಎಂದು ಕೇಳಿದರು.

"ಗೋಪಪ್ಪನ್ನ ಕೇಳಿ ಹೇಳತೇನ್ರಿ," ಎಂದಳು ಚಂದವ್ವ. "ಮಿಕ್ಸರ್ ಅವಂದು. ಅವಂಗ ಎಲ್ಲಾ ಗೊತ್ತಿರತೈತಿ."

ಬೆಳಿಗ್ಗೆ ನಾನು ಗೊತ್ತಿದ್ದೂ ಸುಮ್ಮನಿದ್ದದ್ದನ್ನು ಅವಳು ನೋಡಿದ್ದಳು. ಎಲ್ಲರೂ ಕಾಯುತ್ತಿದ್ದರು.

"ಇನ್ನೂ ಮೂರು ಮಂದಿ ಕೂಡಿಸಿ ಇಪ್ಪತ್ತೈದು ಬೇಕ್ರಿ ಅಕ್ಕಾರ," ಎಂದೆ.